ಹಾರ್ಪ್ ಮತ್ತು ಹಳೆಯ ಪಿಯಾನೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿನ ಪಾಶ್ಚಾತ್ಯ ಸಂಗೀತ ರಚನಕಾರ ಡುಸೆಕ್ ಮೊದಲಾದವರು ಹಾರ್ಪ್ (ನಿಲ್ಲಿಸಿಟ್ಟು ತಂತಿಗಳನ್ನು ಬೆರಳಿನಿಂದ ಮೀಟುವ ದೊಡ್ಡ ವಾದ್ಯ) ಹಾಗೂ ಪಿಯಾನೊ ಜೋಡಿಗೆಂದು ರಚಿಸಿದ ಕೃತಿಗಳನ್ನು ಅವರ ಕಾಲದ ಮಾದರಿಯ ವಾದ್ಯಗಳಲ್ಲೇ ನುಡಿಸಿರುವ ಸಿ.ಡಿ.ಯೊಂದನ್ನು ಕೇಳುತ್ತಿದ್ದೇನೆ. ಪಿಯಾನೊದ ನಾದ ತೆಳುವಾಗಿದ್ದು ಬೇಗನೆ ಅಡಗುತ್ತದೆ; ಹಲವೆಡೆ ಯಾವುದು ಹಾರ್ಪ್, ಯಾವುದು ಪಿಯಾನೊ ಎಂಬುದೇ ತಿಳಿಯುವುದಿಲ್ಲ. ನನ್ನ ಹಾರ್ಮೋನಿಯಂ ಜೊತೆ ಶ್ರುತಿಯೂ ಕೂಡುವುದಿಲ್ಲ. ಇದು ಧ್ವನಿಮುದ್ರಣದ ದೋಷವೇ?
– ಹಿಂದೂಸ್ತಾನಿ ಸಂಗೀತಾಭ್ಯಾಸಿ, ಶಿರಸಿ

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಆ ವಾದ್ಯಗಳಿಗೆ ಸಹಜವಾದವು. ಅಂದಿನ ಪಿಯಾನೊದ ಚೌಕಟ್ಟು ಮರದ್ದು. ಹೆಚ್ಚು ಬಿಗಿತವನ್ನು ಅದು ತಾಳಲಾರದ್ದರಿಂದ ತಂತಿಗಳು ಸಣ್ಣವಾಗಿದ್ದು, ತಂತಿಯನ್ನು ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಇಂದಿನಂತೆ ದಪ್ಪ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ಬಟ್ಟೆ) ಇರದೆ ಚರ್ಮದ ಹೊದಿಕೆ ಇರುತ್ತಿತ್ತು. ಹೀಗಾಗಿ ಸ್ವರದ ಮೊದಲ ಪೆಟ್ಟು ಸ್ಪಷ್ಟವಾಗಿ ಕೇಳಿಸಿ, ಆಸ್ (ಪೆಟ್ಟಿನ ನಂತರ ಉಳಿಯುವ ನಾದ) ಬೇಗ ಕರಗುತ್ತದೆ. ಹಾರ್ಪ್‌ನ ಮೀಟಿಗೂ ಇದೇ ಗುಣವಿರುವುದರಿಂದ ಎರಡೂ ಒಂದರೊಳಗೊಂದು ಬೆರೆಯುತ್ತವೆ. ಕಬ್ಬಿಣದ ಚೌಕಟ್ಟಿನ ಇಂದಿನ ಪಿಯಾನೊದೊಂದಿಗೆ ಇವೇ ಕೃತಿಗಳನ್ನು ನುಡಿಸಿದಾಗ, ನನ್ನ ಕಿವಿಗಂತೂ, ಹಾರ್ಪ್ ಬಡವಾಗಿಬಿಡುತ್ತದೆ.

ಪಿಯಾನೊ ವಾದಕರಾಗಿದ್ದ ಡುಸೆಕ್ 1792ರಲ್ಲಿ ಲಂಡನ್ನಿನಲ್ಲಿ ಮದುವೆಯಾದ ಸೋಫಿಯಾ ಕೋರಿ ಗಾಯಕಿಯೂ ಹಾರ್ಪ್ ವಾದಕಿಯೂ ಆಗಿದ್ದರು. ಈ ಜೋಡಿಗಾಗಿ ಬರೆಯಲು ಅವರಿಗೆ ಮನೆಯಲ್ಲೇ ಕಾರಣವಿತ್ತೆನ್ನಬೇಕು.

ಎರಡು ವಾದ್ಯಗಳನ್ನು ಗುರುತಿಸಲು ಸಂಗೀತದ ವಾಕ್ಯ ಮುಗಿಯುವ ಜಾಗಕ್ಕೆ ಕಿವಿಗೊಡಿ. ಪಿಯಾನೊದಲ್ಲಿ ಬೆರಳೆತ್ತಿದೊಡನೆ ಒಂದು ಮೆತ್ತೆ ತಂತಿಯ ಮೇಲೆ ಇಳಿದು ನಾದವನ್ನು ತಡೆಯುತ್ತದೆ; ಹಾರ್ಪ್‌ನಲ್ಲಿ ಅಂಥ ಮೆತ್ತೆಯಿಲ್ಲ, ವಾದಕರು ಅಂಗೈಯಿಂದ ಮುಚ್ಚುವವರೆಗೂ ತಂತಿ ಗುಂಯ್‌ಗುಡುತ್ತಲೇ ಇರುತ್ತದೆ. ಹಾರ್ಪ್ ವಾದಕರು ಏಳು ಪೆಡಲ್‌ಗಳನ್ನು ಕಾಲಿನಿಂದ ಒತ್ತಿ ಸ್ವರಗಳನ್ನು ಅರ್ಧ ಸ್ವರ ಏರಿಸಿಕೊಳ್ಳುವುದರಿಂದ, ಮೆಲುವಾದ ಭಾಗಗಳಲ್ಲಿ ಒಮ್ಮೊಮ್ಮೆ ಪೆಡಲ್‌ನ ಟಕ್ಕೆಂಬ ಸದ್ದೂ ಕೇಳಬಹುದು. ಅದನ್ನೂ ದೋಷವೆಂದೆಣಿಸಬೇಡಿ.

ಇನ್ನು ಶ್ರುತಿ. ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡಲು ಆಧಾರವಾಗಿ ಹಿಡಿಯುವ ‘ಎ’ ಸ್ವರಕ್ಕೆ ಇಂದು 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ) ರೂಢಿಯಾದರೆ, ಆ ಕಾಲದ ಕೃತಿಗಳನ್ನು ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವವರು ಬಹುಮಟ್ಟಿಗೆ 430ರ ಆಸುಪಾಸಿನಲ್ಲಿ ಕೂಡಿಸಿಕೊಳ್ಳುತ್ತಾರೆ. ಈ ಅಂತರ ಅರ್ಧ ಸ್ವರದ ಅರ್ಧಕ್ಕಿಂತ ತುಸು ಕಡಿಮೆ. ಆದ್ದರಿಂದ ನಿಮ್ಮ ಹಾರ್ಮೋನಿಯಂನ ಯಾವ ಪಟ್ಟಿಯನ್ನು ಹಿಡಿದರೂ ಅದು ಕೂಡದು.

ಪ್ರಶ್ನೆ: ಅಂಥ ಹಾರ್ಪ್ ಒಂದನ್ನು ನಮ್ಮ ಕಡಲತೀರದಲ್ಲಿ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಇಟ್ಟುಕೊಳ್ಳಬಹುದು, ಆದರೆ ಬಹಳ ಕಷ್ಟ. ಅದರ ತಂತಿಗಳು ಪ್ರಾಣಿಯ ಕರುಳಿನವು. ಮಳೆಗಾಲದಲ್ಲಿ ತಬಲಾದ ಚರ್ಮ ಸಡಿಲಾಗುವಂತೆ ಇವೂ ತೇವ ಹೀರಿ ಶ್ರುತಿ ಬಿಡುತ್ತವೆ, ಕೆಲವೊಮ್ಮೆ ಹರಿಯುತ್ತವೆ. ತೇವ ತೆಗೆಯುವ ಯಂತ್ರವಿರುವ, ಕಿಟಕಿ ಮುಚ್ಚಿದ ಕೋಣೆ ಬೇಕಾಗುತ್ತದೆ. ಕಲಿಕೆಗೆ ನೈಲಾನ್ ತಂತಿಯ ಚಿಕ್ಕ ಹಾರ್ಪ್ ಸಾಕು.