ಬೆಳಕು ಜಾಸ್ತಿಯಾದರೂ ಲಿಂಕ್ ಕೆಡುತ್ತದೆ, ಸ್ವಾಮಿ

ಮಳೆಗಾಲದಲ್ಲಿ ಫೈಬರ್ ಕಟ್ ಆದ ಪ್ರಶ್ನೆಗಳು ಬರುತ್ತವೆ. ಉಳಿದ ತಿಂಗಳುಗಳಲ್ಲಿ ಬರುವುದು ಒಂದೇ ಪ್ರಶ್ನೆ, ಫೈಬರಿನಲ್ಲಿ ಬೆಳಕು ಧಾರಾಳವಾಗಿದ್ದರೂ ಎರರ್ ಯಾಕೆ ಎಂದು. ಊರು ಮಾತ್ರ ಬೇರೆ. ಆದ್ದರಿಂದ ಈ ಸಲ ಜಾಗವೆಲ್ಲ ಅದಕ್ಕೇ. ಬೆಳಕಿನ ಪವರಿನ ಅಳತೆಯಲ್ಲಿ -3 ಡಿಬಿಎಂ ಯಾಕೆ -20ಕ್ಕಿಂತ ಜಾಸ್ತಿ ಅನ್ನುವ ಪಾಠ ಇಲ್ಲಿ ಇಲ್ಲ. ಅಷ್ಟೂ ಗೊತ್ತಿಲ್ಲದಿದ್ದರೆ ದಯವಿಟ್ಟು ಪವರ್ ಮೀಟರ್ ಮುಟ್ಟಬೇಡಿ.

ಪ್ರಶ್ನೆ: ನಮ್ಮದು ಕೇಬಲ್ ಮತ್ತು ಇಂಟರ್ನೆಟ್ ಎರಡೂ ಕೊಡುವ ಸಣ್ಣ ಸಂಸ್ಥೆ. ಕಂಟ್ರೋಲ್ ರೂಮಿನಿಂದ ಪಕ್ಕದ ಊರಿಗೆ 14 ಕಿಲೋಮೀಟರ್ ಎರಡು ಕೋರ್ ಫೈಬರ್ ಇದೆ. 'ಪವರ್ ಜಾಸ್ತಿ ಇದ್ದರೆ ಒಳ್ಳೆಯದು' ಎಂದು ಅಂಗಡಿಯವರು ಹೇಳಿದ್ದಕ್ಕೆ ಎರಡೂ ಕಡೆ 10ಜಿ, 80 ಕಿಲೋಮೀಟರಿನ ಮಾಡ್ಯೂಲ್ (ಬೆಳಕು ಕಳಿಸಿ ಸ್ವೀಕರಿಸುವ ಚಿಕ್ಕ ಡಬ್ಬಿ) ಹಾಕಿದೆವು. ಲಿಂಕ್ ಅಪ್ ಇದೆ. ಆದರೆ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಏರುತ್ತಲೇ ಇದೆ. ಆರ್‌ಎಕ್ಸ್, ಅಂದರೆ ಬಂದು ಸೇರುವ ಬೆಳಕು, -4.9 ಇತ್ತು. ಕನೆಕ್ಟರ್ ಕ್ಲೀನ್ ಮಾಡಿದ ಮೇಲೆ -2.4 ಆಯ್ತು, ಎರರ್ ಇನ್ನೂ ಜಾಸ್ತಿಯಾಯ್ತು. ಫೈಬರ್ ಬದಲಿಸಬೇಕೇ?

ಉತ್ತರ: ಫೈಬರ್ ಚೆನ್ನಾಗಿದೆ, ಅದನ್ನು ಬಿಡಿ. ಕ್ಲೀನ್ ಮಾಡಿದ ಮೇಲೆ ಕೆಟ್ಟಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಕನೆಕ್ಟರಿನ ಕೊಳೆ ಎರಡೂವರೆ ಡಿಬಿ ತಿನ್ನುತ್ತಿತ್ತು. ಅಷ್ಟರ ಮಟ್ಟಿಗೆ ಅದೇ ನಿಮಗೆ ಪುಕ್ಕಟೆ ಅಟೆನ್ಯುಯೇಟರ್, ಅಂದರೆ ಬೆಳಕು ತಗ್ಗಿಸುವ ಸಾಧನ. ನೀವು ಅದನ್ನು ಒರೆಸಿ ಹಾಕಿದಿರಿ. ಒರೆಸಿದ್ದು ಸರಿಯೇ. ತಪ್ಪು ಆಗಿದ್ದು ಅದಕ್ಕೂ ಮೊದಲು, ಅಂಗಡಿಯಲ್ಲಿ.

ಈ 80 ಕಿಲೋಮೀಟರಿನ ಮಾಡ್ಯೂಲುಗಳು ಸಾಮಾನ್ಯವಾಗಿ 0ಯಿಂದ +4 ಡಿಬಿಎಂ ಕಳಿಸುತ್ತವೆ. ಸ್ವೀಕರಿಸುವ ಕಡೆ -24ರಿಂದ -7 ತನಕ ಮಾತ್ರ ಸರಿಯಾಗಿ ಓದುತ್ತವೆ. ನಿಮ್ಮ ಲೆಕ್ಕ ಹಾಕೋಣ. ಟಿಎಕ್ಸ್ (ಕಳಿಸುವ ಬೆಳಕು) +2 ಅಂದುಕೊಳ್ಳಿ. 1550 ನ್ಯಾನೋಮೀಟರ್ ತರಂಗದ ಬೆಳಕಿಗೆ ಕಿಲೋಮೀಟರಿಗೆ 0.22 ಡಿಬಿ ಹಿಡಿದರೆ 14 ಕಿಲೋಮೀಟರಿಗೆ 3.1. ಸ್ಪ್ಲೈಸ್ (ಫೈಬರಿನ ಬೆಸುಗೆ), ಕನೆಕ್ಟರ್ ಸೇರಿ 1.3. ಒಟ್ಟು 4.4 ಲಾಸ್. ಆ ತುದಿಗೆ ಬರುವುದು -2.4. ನೀವು ಬರೆದ ಅಂಕಿಯೇ ಬಂತು ನೋಡಿ. ಮಿತಿ -7. ಅಂದರೆ 4.6 ಡಿಬಿ ಮೇಲೆ, ಹೆಚ್ಚುಕಡಿಮೆ ಮೂರು ಪಟ್ಟು ಬೆಳಕು.

ಜಾತ್ರೆಯಲ್ಲಿ ಮೈಕ್‌ಸೆಟ್ಟಿನ ಡಬ್ಬದ ಪಕ್ಕದಲ್ಲೇ ನಿಂತವರಿಗೆ ಹಾಡಿನ ಮಾತು ತಿಳಿಯುತ್ತದೆಯೇ? ಸದ್ದು ಕೇಳುತ್ತದೆ, ಮಾತು ಕಲಸಿಹೋಗುತ್ತದೆ. ಇಲ್ಲೂ ಹಾಗೇ. ರಿಸೀವರಿನ ಆಂಪ್ಲಿಫೈಯರ್ ತುಂಬಿ ತುಳುಕಿ, ಒಂದು ಬಿಟ್ಟಿನ ಬಾಲ ಪಕ್ಕದ ಬಿಟ್ಟಿನ ಮೇಲೆ ಬೀಳುತ್ತದೆ. ಆಗ ಲಿಂಕ್ ಅಪ್ ಇರುತ್ತದೆ, ಪಿಂಗ್ ಹೋಗುತ್ತದೆ, ಟ್ರಾಫಿಕ್ ಏರಿದಾಗ ಗಿರಾಕಿಗಳ ಫೋನ್ ಶುರುವಾಗುತ್ತದೆ. ಬೆಳಕು ಕಮ್ಮಿಯಾದಾಗಲೂ ಇದೇ ಲಕ್ಷಣ. ಅದಕ್ಕೇ ಎಲ್ಲರೂ ಮೊದಲು ಫೈಬರನ್ನೇ ಬೈಯುವುದು.

ಪರಿಹಾರ 10 ಡಿಬಿಯ ಫಿಕ್ಸೆಡ್ ಅಟೆನ್ಯುಯೇಟರ್. ಪ್ರತಿ ತುದಿಯಲ್ಲಿ ಆರ್‌ಎಕ್ಸ್ ಕಡೆಗೆ ಒಂದು, ಒಟ್ಟು ಎರಡು. ಟಿಎಕ್ಸ್ ಕಡೆ ಹಾಕಿದರೂ ಲಾಸ್ ಅಷ್ಟೇ ಆಗುತ್ತದೆ. ಆದರೆ ಆರ್‌ಎಕ್ಸ್ ಕಡೆ ಇದ್ದರೆ ಅಳೆಯುವವನ ಕಣ್ಣಿಗೆ ಬೀಳುತ್ತದೆ. ಮೇಲೆ ಒಂದು ಚೀಟಿಯನ್ನೂ ಅಂಟಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಹೊಸ ಹುಡುಗ 'ಇದೇನೋ ಸುಮ್ನೆ ಸಿಕ್ಕಿಸಿದ್ದಾರೆ' ಎಂದು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ.

10 ಹಾಕಿದರೆ -12.4 ಆಗುತ್ತದೆ. 5 ಸಾಕಲ್ಲವೇ, -7.4 ಬರುತ್ತದೆ ಅನ್ನಬೇಡಿ. ಮಾಡ್ಯೂಲ್ ತೋರಿಸುವ ಅಂಕಿಯಲ್ಲಿ 3 ಡಿಬಿ ತನಕ ಹೆಚ್ಚುಕಡಿಮೆಗೆ ಸ್ಟ್ಯಾಂಡರ್ಡೇ ಅವಕಾಶ ಕೊಟ್ಟಿದೆ. ಅಂಚಿನಲ್ಲಿ ಕೂತವರು ಯಾವತ್ತಾದರೂ ಬೀಳುತ್ತಾರೆ. -12.4ರಲ್ಲಿ ಮೇಲೆ 5 ಡಿಬಿ ಜಾಗ ಇದೆ, ಕೆಳಗೆ 11 ಇದೆ. ಜೆಸಿಬಿಯವನು ನಾಲ್ಕು ಸಲ ಕೇಬಲ್ ಕಿತ್ತರೂ ಸ್ಪ್ಲೈಸ್ ಲಾಸ್ ಅದರಲ್ಲೇ ಮುಗಿಯುತ್ತದೆ.

ಹಾಕುವ ಕ್ರಮ ಮುಖ್ಯ. ಮೊದಲು ಆರ್‌ಎಕ್ಸ್‌ನಿಂದ ಫೈಬರ್ ಬಿಚ್ಚಿ. ಪವರ್ ಮೀಟರ್ 1550ಕ್ಕೆ ಇಟ್ಟು ಅಳೆಯಿರಿ. ಅಟೆನ್ಯುಯೇಟರ್ ಸೇರಿಸಿ ಮತ್ತೆ ಅಳೆಯಿರಿ. ಅಂಕಿ ಸರಿ ಕಂಡ ಮೇಲೆ ಪೋರ್ಟಿಗೆ ಹಾಕಿ. ಆಮೇಲೆ ಎರರ್ ಕೌಂಟರ್ ಕ್ಲಿಯರ್ ಮಾಡಿ. ಹಳೆಯ ಎರರ್ ಹಾಗೇ ಕೂತಿರುತ್ತದೆ. 'ಇನ್ನೂ ನಾಲ್ಕು ಲಕ್ಷ ಇದೆ ಸಾರ್' ಎಂದು ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದವರಿದ್ದಾರೆ.

ಇನ್ನು ನಮ್ಮ ನಾಟಿ ವೈದ್ಯರು. ಫೈಬರನ್ನು ಪೆನ್ಸಿಲಿಗೆ ನಾಲ್ಕು ಸುತ್ತು ಸುತ್ತಿ ಟೇಪ್ ಹಾಕುವವರು, ಕನೆಕ್ಟರನ್ನು ಅರ್ಧ ಹೊರಗೆ ಎಳೆದು ಬಿಡುವವರು. ಸುತ್ತಿದ ಫೈಬರ್ 1550ರಲ್ಲಿ ತಿನ್ನುವಷ್ಟು ಬೆಳಕನ್ನು 1310ರಲ್ಲಿ ತಿನ್ನುವುದಿಲ್ಲ. ಈಗಿನ ಬೆಂಡ್ ತಡೆಯುವ ಪ್ಯಾಚ್ ಕಾರ್ಡ್ (ಜೋಡಿಸುವ ತುಂಡು ಫೈಬರ್) ಆದರೆ ಸುತ್ತಿದರೂ ಲಾಸ್ ಅಷ್ಟಾಗಿ ಆಗುವುದೇ ಇಲ್ಲ. ಇವತ್ತು ಆದರೂ ನಾಳೆ ಟೇಪ್ ಸಡಿಲವಾಗಿ ಅಂಕಿ ಬದಲಾಗುತ್ತದೆ, ಒಂದು ದಿನ ಗಾಜೇ ಸೀಳುತ್ತದೆ. ಅರ್ಧ ಎಳೆದ ಕನೆಕ್ಟರಿನಲ್ಲಿ ನಡುವೆ ಗಾಳಿ ನಿಂತು ಬೆಳಕು ವಾಪಸ್ ಹೊಡೆಯುತ್ತದೆ. ಕೆಲವು ನೂರು ರೂಪಾಯಿಯ ಅಟೆನ್ಯುಯೇಟರ್ ಉಳಿಸಲು ಸಾವಿರಾರು ರೂಪಾಯಿಯ ಮಾಡ್ಯೂಲನ್ನು ಪಣಕ್ಕಿಡುವ ಬುದ್ಧಿ ನನಗಂತೂ ಅರ್ಥವಾಗಿಲ್ಲ.

ಪಣ ಅಂದದ್ದು ಸುಮ್ನೆ ಅಲ್ಲ. ಇಂಥ ಮಾಡ್ಯೂಲಿನಲ್ಲಿ ಇರುವುದು ಎಪಿಡಿ ರಿಸೀವರ್. ಬಂದ ಚೂರು ಬೆಳಕಿನಿಂದ ಹುಟ್ಟಿದ ಕರೆಂಟನ್ನು ತನ್ನೊಳಗೇ ಹಲವು ಪಟ್ಟು ಮಾಡಿಕೊಳ್ಳುವ ಸೂಕ್ಷ್ಮ ಜೀವ. ಮಿತಿ ದಾಟಿದರೆ ಮೊದಲು ಎರರ್ ಕೊಡುತ್ತದೆ, ತುಂಬಾ ದಾಟಿದರೆ ಸಾಯುತ್ತದೆ. ನಾನೇ ಸಾಯಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಎರಡು ಹೊಸ 80 ಕಿಲೋಮೀಟರಿನ ಮಾಡ್ಯೂಲ್‌ಗಳನ್ನು ಮೇಜಿನ ಮೇಲೆ ಒಂದು ಮೀಟರ್ ಪ್ಯಾಚ್ ಕಾರ್ಡಿನಲ್ಲಿ ಜೋಡಿಸಿ 'ಟೆಸ್ಟ್' ಮಾಡಿದೆ. ಹಸಿರು ದೀಪ ಬಂತು, ಕಣ್ಣು ಮಿಟುಕಿಸಿತು, ಆರಿತು. ಆ ದೀಪ ಮತ್ತೆ ಬರಲಿಲ್ಲ. ಎರಡಕ್ಕೂ ವಾರಂಟಿ ಸಿಗಲಿಲ್ಲ, ಸಿಗಬಾರದಿತ್ತು ಕೂಡ. ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೂ 5, 10, 15ರ ಅಟೆನ್ಯುಯೇಟರ್ ಇರುತ್ತವೆ.

ನಿಮ್ಮ ರಿಸೀವರಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಅಟೆನ್ಯುಯೇಟರ್ ಹಾಕಿದ ಮೇಲೆ ತಿಳಿಯುತ್ತದೆ. -12ರಲ್ಲೂ ಎರರ್ ನಿಲ್ಲದಿದ್ದರೆ ಮಾಡ್ಯೂಲ್ ಬದಲಿಸಿ ನೋಡಿ. ಮುಂದಿನ ಸಲ 14 ಕಿಲೋಮೀಟರಿಗೆ 20 ಕಿಲೋಮೀಟರಿನದನ್ನೇ ಕೊಳ್ಳಿ. ಹತ್ತಿರದ ಸಂತೆಗೆ ಹೋಗಲು ಲಾರಿ ಯಾಕೆ?

ಪ್ರಶ್ನೆ: ನಮ್ಮದು ಒಂದೇ ಕೋರ್ ಬೈಡಿ ಲಿಂಕ್. ಎರಡು ಕಡೆಯೂ ಅಟೆನ್ಯುಯೇಟರ್ ಹಾಕಬೇಕೇ?

ಉತ್ತರ: ಬೇಡ. ಹೋಗುವ ಬರುವ ಬೆಳಕು ಒಂದೇ ದಾರಿಯಲ್ಲಿದೆ, ಒಂದು ಹಾಕಿದರೆ ಎರಡಕ್ಕೂ ಹಾಕಿದಂತೆ.

ಪ್ರಶ್ನೆ: ಗಿರಾಕಿಯ ಮನೆಯಲ್ಲಿ ಪವರ್ ಮೀಟರ್ -2 ತೋರಿಸುತ್ತದೆ, ಓಎನ್‌ಯು (ಮನೆಯಲ್ಲಿಡುವ ಫೈಬರ್ ಡಬ್ಬಿ) -20 ಅನ್ನುತ್ತದೆ. ಯಾವುದು ಸುಳ್ಳು?

ಉತ್ತರ: ಯಾವುದೂ ಅಲ್ಲ. ನಿಮ್ಮದು ಟಿವಿ, ಇಂಟರ್ನೆಟ್ ಎರಡೂ ಒಂದೇ ಫೈಬರಿನಲ್ಲಿ ಹೋಗುವ ಲೈನ್ ಇರಬೇಕು. ಸಾದಾ ಮೀಟರಿನಲ್ಲಿ 1490 ಬಟನ್ ಒತ್ತಿದರೆ ಲೆಕ್ಕದ ಸೂತ್ರ ಬದಲಾಗುತ್ತದೆಯೇ ಹೊರತು ಬೇರೆ ಬೆಳಕು ಸೋಸಿಹೋಗುವುದಿಲ್ಲ. ಅದು 1550ರ ಟಿವಿ ಬೆಳಕನ್ನೂ ಸೇರಿಸಿ ಓದುತ್ತಿದೆ. ಫಿಲ್ಟರ್ ಇರುವ ಪಾನ್ ಮೀಟರ್ ತನ್ನಿ. ಅದನ್ನು ನೋಡದೆ 'ಪವರ್ ಜಾಸ್ತಿ' ಎಂದು ಅಟೆನ್ಯುಯೇಟರ್ ಹಾಕಿದರೆ -20 ಇರುವ ಓಎನ್‌ಯು -30ಕ್ಕೆ ಹೋಗಿ ಕೆಂಪು ದೀಪ ಹಾಕಿಕೊಂಡು ಕೂರುತ್ತದೆ.

ಪ್ರಶ್ನೆ: ಆಫೀಸಿನಲ್ಲಿ ಟೆಸ್ಟ್ ಮಾಡಲು ಓಎನ್‌ಯುವನ್ನು ನೇರ ಓಎಲ್‌ಟಿ (ಕಂಟ್ರೋಲ್ ರೂಮಿನಿಂದ ಮನೆಗಳಿಗೆ ಬೆಳಕು ಕಳಿಸುವ ಯಂತ್ರ) ಪೋರ್ಟಿಗೆ ಹಾಕಬಹುದೇ?

ಉತ್ತರ: ಓಎಲ್‌ಟಿ ಕೊಡುವುದು +3, +4. ಓಎನ್‌ಯು ತಡೆಯುವುದು -8. ನಡುವೆ ಬೆಳಕನ್ನು 32 ಪಾಲು ಮಾಡುವ 1:32 ಸ್ಪ್ಲಿಟರ್ ಹಾಕಿ.

ಪ್ರಶ್ನೆ: -10 ಇರುವ ಮನೆಗೆ -20 ಇರುವ ಮನೆಗಿಂತ ಸ್ಪೀಡ್ ಜಾಸ್ತಿ ಅಲ್ವಾ?

ಉತ್ತರ: ಇಲ್ಲ.

ಪ್ರಶ್ನೆ: ಸ್ವಿಚ್ಚಿನಲ್ಲಿ ಆರ್‌ಎಕ್ಸ್ +8.16 ತೋರಿಸುತ್ತದೆ. ಅಪಾಯವೇ?

ಉತ್ತರ: ಅದು ಮಾಡ್ಯೂಲಿಗೆ ಬರೆಯಲು ಬರುವ ಅತಿ ದೊಡ್ಡ ಅಂಕಿ, 6.5535 ಮಿಲಿವ್ಯಾಟ್. ಸಾಮಾನ್ಯವಾಗಿ ಸೆನ್ಸರ್ ಕೆಟ್ಟಿದೆ ಎಂದರ್ಥ. ಫೈಬರ್ ಬಿಚ್ಚಿದರೂ ಅದೇ ತೋರಿಸಿದರೆ ಮಾಡ್ಯೂಲ್ ಬಿಸಾಡಿ. ಬಿಚ್ಚಿದಾಗ ಅಂಕಿ ಇಳಿದರೆ, ಆ ಫೈಬರಿನ ಇನ್ನೊಂದು ತುದಿ ಟಿವಿಯ ಇಡಿಎಫ್‌ಎಯಲ್ಲಿ (ಬೆಳಕು ಹೆಚ್ಚಿಸುವ ಯಂತ್ರ) ಇದೆಯೇ ನೋಡಿ. ಬೇಗ ನೋಡಿ.

ಪ್ರಶ್ನೆ: ಮೊಬೈಲ್ ಕ್ಯಾಮೆರಾದಲ್ಲಿ ಫೈಬರ್ ತುದಿ ನೋಡಿದೆ, ಬೆಳಕೇ ಕಾಣಲಿಲ್ಲ. ಹಾಗಾದರೆ ಪವರ್ ಇಲ್ಲ ಅಲ್ವಾ?

ಉತ್ತರ: 1310, 1490, 1550 ಯಾವುದೂ ಮೊಬೈಲಿಗೆ ಕಾಣುವುದಿಲ್ಲ. ನಿಮ್ಮ ಕಣ್ಣಿಗೂ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಕಣ್ಣಿಡಬೇಡಿ.