ಒಂದು ಸೀಟು ಹೋದರೆ ಮಸೂದೆ ಯಾಕೆ ನಿಲ್ಲುತ್ತೆ?

ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ತಮ್ಮ ಕಡೆ 59 ಜನ ಇದ್ದೂ ಒಂದು ಉಪಚುನಾವಣೆ ಸೋತಿದ್ದಕ್ಕೆ ಒಬಾಮಾ ಆರೋಗ್ಯ ಮಸೂದೆ ಯಾಕೆ ನಿಂತಿತು ಅಂತ ಕೇಳಿದ್ರಿ. ಅಲ್ಲಿ ಬರೀ ಬಹುಮತ ಸಾಲದು ಸಾರ್, ಫಿಲಿಬಸ್ಟರ್ (ಚರ್ಚೆ ಎಳೆದು ಮತದಾನವನ್ನೇ ತಡೆಯೋ ತಂತ್ರ) ಮುರಿಯೋಕೆ 60 ಮತ ಬೇಕು. 2009ರ ಡಿಸೆಂಬರ್ 24ಕ್ಕೆ ಸೆನೆಟ್‌ನಲ್ಲಿ ಪಾಸಾಗಿದ್ದೇ ಸರಿಯಾಗಿ 60 ಮತದಿಂದ. ಒಬಾಮಾ ಪಕ್ಷದ ಸೆನೆಟರ್ ಟೆಡ್ ಕೆನಡಿ ತೀರಿಕೊಂಡು ತೆರವಾದ ಮ್ಯಾಸಚೂಸೆಟ್ಸ್ ಸೀಟಿಗೆ 2010ರ ಜನವರಿ 19ಕ್ಕೆ ಚುನಾವಣೆ; ಹಳೇ ಪಿಕಪ್ ಟ್ರಕ್ಕಲ್ಲಿ ಊರೂರು ತಿರುಗಿದ ಎದುರಾಳಿ ರಿಪಬ್ಲಿಕನ್ ಪಕ್ಷದ ಸ್ಕಾಟ್ ಬ್ರೌನ್ ಗೆದ್ದೇಬಿಟ್ಟರು. ಆರೋಗ್ಯ ಸುಧಾರಣೆಗೇ ಜೀವ ತೇಯ್ದ ಕೆನಡಿಯ ಕುರ್ಚಿ ಅದು, ನೋಡಿ! ಎರಡೂ ಸದನಗಳ ಕರಡು ಬೇರೆ ಬೇರೆ ಇದ್ದವು. ಹೊಂದಿಸಿ ಮತ್ತೆ ಸೆನೆಟ್‌ಗೆ ತರುವ ದಾರಿ ಮುಚ್ಚಿಹೋಯ್ತು. ಎರಡು ತಿಂಗಳು ಎಳೆದಾಟ. ಕೊನೆಗೆ ಕೆಳಮನೆ ಹಲ್ಲುಕಚ್ಚಿ ಸೆನೆಟ್ ಕರಡನ್ನೇ 219–212ರಲ್ಲಿ ಒಪ್ಪಿತು. ತಿದ್ದುಪಡಿಗಳನ್ನು ಸರಳ ಬಹುಮತ ಸಾಕಾಗುವ ಬಜೆಟ್ ದಾರಿಯಲ್ಲಿ ನುಸುಳಿಸಿದರು.