ಕಾದು ಕುಳಿತವರಿಗೆ ಬುದ್ಧಿ ಹೇಳುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಆಲೂರು ತಾಲ್ಲೂಕಿನ ಓದುಗರೊಬ್ಬರದು ನಾಲ್ಕು ಪುಟ ಇದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರಾಂಶ ಹೀಗಿದೆ. 2015ರ ಮಳೆಗಾಲದಲ್ಲಿ ಅವರ ಅಣ್ಣ ದಾಸ್ತಾನಿದ್ದ ಕಾಳುಮೆಣಸು ಮಾರಿ ಬರುತ್ತೇನೆಂದು ಸಕಲೇಶಪುರಕ್ಕೆ ಹೋದವರು ಹಿಂದಿರುಗಲಿಲ್ಲ. ಮೆಣಸು ಮಾರಾಟವಾಗಿದೆ, ಹಣ ಪಡೆದಿದ್ದಾರೆ, ಅಲ್ಲಿಂದ ಮುಂದೆ ಏನೂ ತಿಳಿಯದು. ಠಾಣೆಯಲ್ಲಿ ದೂರು ಕೊಟ್ಟರು, ಕಣಿ ಕೇಳಿದರು, ಅಂಜನವನ್ನೂ ಹಾಕಿಸಿದರು. ಈಗ ಎಪ್ಪತ್ತು ದಾಟಿದ ತಾಯಿ ಮಗನ ಕಾರ್ಯ ಮಾಡಲು ಒಪ್ಪುತ್ತಿಲ್ಲ, ಖಾತೆ ಬದಲಾವಣೆಗೆ ಹೆಬ್ಬೆಟ್ಟು ಒತ್ತುತ್ತಿಲ್ಲ. ಸಾಲದ್ದಕ್ಕೆ, ಮಳೆ ಬಂದರೆ ಸತ್ತುಹೋಗುವ ಮನೆಯ ಹಳೆಯ ಸ್ಥಿರ ದೂರವಾಣಿಯನ್ನು ತೆಗೆಸಲು ಬಿಡುವುದಿಲ್ಲವಂತೆ. “ಏಳು ವರ್ಷ ಕಳೆದರೆ ಕಾನೂನಿನ ಪ್ರಕಾರ ಸತ್ತ ಹಾಗೆ. ಆದರೂ ಈ ಹಠ. ಇದು ಮಮತೆಯೋ ಮನೋರೋಗವೋ? ಇಂತಹವರಿಗೆ ತಮ್ಮ ಪತ್ರಿಕೆ ನಾಲ್ಕು ಬುದ್ಧಿಮಾತು ಹೇಳಬೇಕು” ಎಂದು ಪತ್ರ ಮುಗಿಯುತ್ತದೆ.

ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಮರಣ ಪ್ರಮಾಣಪತ್ರವಿಲ್ಲದೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ, ಆಗುವುದಿಲ್ಲ. ಖಾತೆ ಸರಿಯಿಲ್ಲದಿದ್ದರೆ ಬ್ಯಾಂಕಿನವರು ಮುಖ ಕೊಟ್ಟು ಮಾತನಾಡುವುದಿಲ್ಲ. ಜಂಟಿ ಪಹಣಿಯಲ್ಲಿ ಒಬ್ಬನ ಸಹಿ ಸಿಗದಿದ್ದರೆ ಮಿಕ್ಕವರೆಲ್ಲ ನಾಡಕಚೇರಿಯ ಮೆಟ್ಟಿಲು ಸವೆಸಬೇಕು. ತೋಟ ನೋಡಿಕೊಳ್ಳುತ್ತಿರುವವರು ನೀವು, ಗೊಬ್ಬರಕ್ಕೆ ಕೈಸಾಲ ಮಾಡುತ್ತಿರುವವರೂ ನೀವೇ. ಇಷ್ಟನ್ನು ಒಪ್ಪಿಕೊಂಡೆ. ಇನ್ನು ಜಗಳಕ್ಕೆ ಬರೋಣ.

ಮೊದಲಿಗೆ ಆ ಏಳು ವರ್ಷ. ಹಾಸನದ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಈ ಕಾನೂನು ಹೇಳುತ್ತಾರೆ, ಹೇಳುವವರೆಲ್ಲ ಅರ್ಧವನ್ನೇ ಹೇಳುತ್ತಾರೆ. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲಿದ್ದ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂನಲ್ಲಿದೆ. ಕಾಣೆಯಾದವನ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿಯೇ ಇಲ್ಲವಾದರೆ, ಅವನು ಬದುಕಿದ್ದಾನೆ ಎನ್ನುವವರು ಅದನ್ನು ರುಜುವಾತು ಮಾಡಬೇಕು. ಅಷ್ಟೇ. ಏಳನೆಯ ವರ್ಷದ ಕೊನೆಯ ರಾತ್ರಿ ಹನ್ನೆರಡು ಹೊಡೆದಾಗ ಯಾರೂ ತಾವಾಗಿ ಸಾಯುವುದಿಲ್ಲ. ಈ ಊಹೆ ಹುಟ್ಟುವುದು ನ್ಯಾಯಾಲಯದ ಮುಂದೆ ಪ್ರಶ್ನೆ ಎದ್ದಾಗ ಮಾತ್ರ, ಎಂದು ಸತ್ತ ಎಂಬುದನ್ನು ಅದು ಹೇಳುವುದೂ ಇಲ್ಲ. 2004ರಲ್ಲಿ ಜೀವ ವಿಮೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅದರ ಫಲವೇನು ಗೊತ್ತೇ? ಕಾಣೆಯಾದವನ ಪಾಲಿಸಿ ಉಳಿಯಬೇಕಾದರೆ ಅವನ ಕಂತನ್ನು ಮನೆಯವರು ಕಟ್ಟುತ್ತಲೇ ಇರಬೇಕು. ದುಡಿಯುವ ಕೈ ಹೋದ ಮನೆಗೆ ಇಂತಹ ಲೆಕ್ಕ!

ಇನ್ನು ಶಾಸ್ತ್ರದವರನ್ನು ಕೇಳಿದರೆ ಹನ್ನೆರಡು ವರ್ಷ ಕಾಯಿರಿ, ಆಮೇಲೆ ಮುತ್ತುಗದ ಎಲೆಯಲ್ಲಿ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡಿ ಎನ್ನುತ್ತಾರೆ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ವಿಚ್ಛೇದನ ಕೇಳಬಹುದು ಎಂದು 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಹೇಳುತ್ತದೆ. ನಾಲ್ಕು, ಏಳು, ಹನ್ನೆರಡು. ಇವೆಲ್ಲ ಮಿಕ್ಕವರ ವ್ಯವಹಾರ ನಡೆಯಲೆಂದು ಹಾಕಿಕೊಂಡ ಗಡುವುಗಳು. ಇವುಗಳಲ್ಲಿ ಯಾವುದನ್ನು ತೋರಿಸಿ ನಿಮ್ಮ ತಾಯಿಯವರಿಗೆ ‘ನಿನ್ನ ಮಗ ಸತ್ತ’ ಎನ್ನುತ್ತೀರಿ?

ಅವರ ದೂರವಾಣಿಯ ಹಠವನ್ನು ನೀವು ರೋಗದ ಲಕ್ಷಣವೆಂದು ಬರೆದಿದ್ದೀರಿ. ನಿಮ್ಮದೇ ಪತ್ರದ ಮೂರನೆಯ ಪುಟದಲ್ಲಿ, ತಾಯಿ ಕೊಡುವ ಕಾರಣವನ್ನು ನಗೆಯಾಡುತ್ತ ದಾಖಲಿಸಿದ್ದೀರಿ: ‘ಅವನಿಗೆ ಬಾಯಿಪಾಠ ಇರುವುದು ಅದೊಂದೇ ನಂಬರು.’ ಸ್ವಾಮಿ, ಇದರಲ್ಲಿ ಹುಚ್ಚು ಎಲ್ಲಿದೆ? ಮೊಬೈಲ್ ಕಳೆದುಕೊಂಡ, ನೆನಪು ಮಸುಕಾದ ಮನುಷ್ಯನೊಬ್ಬ ಎಲ್ಲೋ ಒಂದು ಅಂಗಡಿಯಲ್ಲಿ ನಿಂತು ಮನೆಗೆ ಫೋನ್ ಮಾಡಬೇಕೆಂದುಕೊಂಡರೆ ಅವನ ಬೆರಳಿಗೆ ಬರುವುದು ಬಾಲ್ಯದಲ್ಲಿ ಉರು ಹೊಡೆದ ಸಂಖ್ಯೆಯೇ. ನಿಮ್ಮ ಮನೆಯಲ್ಲಿ ತನಿಖೆಯ ತಲೆ ಇರುವುದು ಆ ತಾಯಿಯೊಬ್ಬರಿಗೇ ಎಂದು ನನಗನ್ನಿಸುತ್ತದೆ.

ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಮನೆಯವರನ್ನು ಕಂಡು ಮಾತನಾಡಿದವರು. ಹೆಣ ಕಾಣದ, ತಿಥಿ ಇಲ್ಲದ ಈ ನಷ್ಟ ಬೇರೆಯದೇ ಜಾತಿಯದು ಎಂದು ಅವರು ಹೇಳಿದರು. ರೋಗ ಇರುವುದು ಪರಿಸ್ಥಿತಿಯಲ್ಲಿ, ಕಾಯುವವರಲ್ಲಿ ಅಲ್ಲ ಎಂಬುದು ಅವರ ವಾದದ ತಿರುಳು. ಇದ್ದಾನೆ ಎಂದೂ ಇಲ್ಲ ಎಂದೂ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬದುಕುವುದನ್ನು ಕಲಿಸಬಹುದು, ‘ಮುಗಿಸಿಬಿಡಿ’ ಎಂದು ಒತ್ತಾಯಿಸುವುದು ಕೂಡದು ಎಂದವರು ಅವರು. ನಿಮ್ಮ ತಾಯಿ ಬೆಳಿಗ್ಗೆ ಎದ್ದು ಕೊಟ್ಟಿಗೆ ಕೆಲಸ ಮಾಡುತ್ತಾರೆ, ಮೊಮ್ಮಗನನ್ನು ಶಾಲೆಗೆ ಕಳಿಸುತ್ತಾರೆ ಎಂದು ನೀವೇ ಬರೆದಿದ್ದೀರಿ. ಮತ್ತೇನು ಬೇಕು?

ನಮ್ಮ ಕಚೇರಿಗೆ ಅರಸೀಕೆರೆ ಕಡೆಯ ಹಿರಿಯರೊಬ್ಬರು ಪ್ರತಿ ದೀಪಾವಳಿಯ ಹಿಂದೆಮುಂದೆ ಬರುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟ ಮಗನ ಅದೇ ಫೋಟೋ, ಅದೇ ಜಾಹೀರಾತು. ಒಂದು ವರ್ಷ ಫೋಟೋವನ್ನು ಮೇಜಿನ ಮೇಲಿಟ್ಟು, “ಈಗ ಅವನಿಗೆ ಮೀಸೆ ಬಂದಿರುತ್ತದೆ, ಬರೆದುಕೊಡುತ್ತೀರಾ?” ಎಂದರು. ನಮ್ಮ ಕಲಾವಿದ ಫೋಟೋದ ನಕಲಿನ ಮೇಲೆ ಪೆನ್ಸಿಲ್‌ನಲ್ಲಿ ಮೀಸೆ ಬಿಡಿಸಿದ. ಹಿರಿಯರು ಕನ್ನಡಕ ಏರಿಸಿ ನೋಡಿ, “ನಮ್ಮ ಮನೆತನದವರಿಗೆ ಇಷ್ಟು ದಟ್ಟವಾಗಿ ಬರುವುದಿಲ್ಲ” ಎಂದು ಅರ್ಧ ಅಳಿಸಲು ಹೇಳಿದರು. ಅಳಿಸಿದ ಮೇಲೆ ತಮ್ಮ ಮೀಸೆಯನ್ನೊಮ್ಮೆ ಮುಟ್ಟಿಕೊಂಡು, ಸರಿ ಎಂದು ತಲೆಯಾಡಿಸಿ, ದುಡ್ಡು ಎಣಿಸಿದರು. ಇದನ್ನು ಹುಚ್ಚು ಎನ್ನುವವರು ನನ್ನೊಡನೆ ವಾದಕ್ಕೆ ಬರಬಹುದು.

ಅದರ ಪಕ್ಕದಲ್ಲಿಯೇ ಪೊಲೀಸ್ ಪ್ರಕಟಣೆಗಳೂ ಅಚ್ಚಾಗುತ್ತಿದ್ದವು: ‘ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ.’ ಈ ಚಹರೆ ಹಿಡಿದು ಹುಡುಕಿದರೆ ಹಾಸನ ಜಿಲ್ಲೆಯ ಅರ್ಧ ಗಂಡಸರು ಸಿಗುತ್ತಾರೆ, ನಾನೂ ಸಿಗುತ್ತೇನೆ. ನಳನನ್ನು ಹುಡುಕಿಸಿದ ದಮಯಂತಿ ಏನು ಮಾಡಿದಳು ನೆನಪಿಸಿಕೊಳ್ಳಿ. ರೂಪಿನ ವರ್ಣನೆ ಕೊಟ್ಟು ಆಳುಗಳನ್ನು ಕಳಿಸಲಿಲ್ಲ. ನಳನ ರೂಪವೇ ಬದಲಾಗಿತ್ತು, ಕಳಿಸಿದ್ದರೂ ಉಪಯೋಗವಾಗುತ್ತಿರಲಿಲ್ಲ. ಕಾಡಿನಲ್ಲಿ ಮಲಗಿದ್ದ ಹೆಂಡತಿಯ ವಸ್ತ್ರದ ಅರ್ಧ ಹರಿದುಕೊಂಡು ಹೋದ ಜೂಜುಗಾರ ಎಲ್ಲಿದ್ದಾನೆ ಎಂದು ಸಭೆ ಸಭೆಯಲ್ಲಿ ಕೇಳಿಸಿದಳು. ಆ ಮಾತಿಗೆ ಉತ್ತರ ಕೊಡಬಲ್ಲವನು ಲೋಕದಲ್ಲಿ ಒಬ್ಬನೇ. ಅಯೋಧ್ಯೆಯಲ್ಲಿ ಬಾಹುಕನೆಂಬ ಸಾರಥಿ ಉತ್ತರ ಕೊಟ್ಟ, ಸಿಕ್ಕಿಬಿದ್ದ. ಅವನನ್ನು ಕರೆತರಲು ಅವಳು ಎರಡನೆಯ ಸ್ವಯಂವರದ ಸುದ್ದಿಯನ್ನೂ ಹಬ್ಬಿಸಿದಳು. ನಮ್ಮ ಪೊಲೀಸ್ ತರಬೇತಿ ಶಾಲೆಗಳಲ್ಲಿ ಈ ಕಥೆಯನ್ನು ಪಾಠಕ್ಕಿಡಬೇಕು.

ಠಾಣೆಯವರ ಪರವಾಗಿಯೂ ಒಂದು ಮಾತು ಹೇಳಬೇಕಲ್ಲ: ಸಿಬ್ಬಂದಿ ಕಡಿಮೆ, ಬಂದೋಬಸ್ತು ಹೆಚ್ಚು, ಹಾಸನಾಂಬೆಯ ಬಾಗಿಲು ತೆರೆದರೆ ಸಾಲು ಕಾಯುವುದರಲ್ಲೇ ದಿನಗಳು ಹೋಗುತ್ತವೆ. ಆಯಿತು. ಆದರೆ ಕಾಣೆಯಾದವರ ಕಡತ ಒಂದು ಕಪಾಟಿನಲ್ಲಿ, ಗುರುತು ಸಿಗದ ಹೆಣಗಳ ಅಸ್ವಾಭಾವಿಕ ಸಾವಿನ ಕಡತ ಇನ್ನೊಂದು ಕಪಾಟಿನಲ್ಲಿ ಇದ್ದು, ಎರಡೂ ಒಂದರ ಮುಖವನ್ನು ಒಂದು ನೋಡದಿದ್ದರೆ ಅದಕ್ಕೆ ಸಿಬ್ಬಂದಿ ಕೊರತೆ ಕಾರಣವಲ್ಲ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರ, ಗೊರೂರು, ಹೊಳೆನರಸೀಪುರ ದಾಟಿ ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತಾಳೆ. ಠಾಣೆಯ ಸರಹದ್ದು ನೋಡಿಕೊಂಡು ಹರಿಯುವುದಿಲ್ಲ. ಮೇಲಿನ ತಾಲ್ಲೂಕಿನಲ್ಲಿ ‘ಕಾಣೆ’ಯಾದವರು ಕೆಳಗಿನ ತಾಲ್ಲೂಕಿನಲ್ಲಿ ‘ಅಪರಿಚಿತ’ರಾಗಿ ಮಣ್ಣಾಗಬಹುದು. ಕಠೋರ ಮಾತು, ನಿಮ್ಮ ತಾಯಿಯವರಿಗೆ ಓದಿ ಹೇಳಬೇಡಿ. ಆದರೆ ಅವರಿಗೆ ಸಲ್ಲಬೇಕಾದ ಉತ್ತರ ಇಂತಹ ಯಾವುದೋ ಕಪಾಟಿನಲ್ಲಿ ಇದ್ದರೂ ಇರಬಹುದು.

ಅರ್ಜೆಂಟೀನಾದ ತಾಯಂದಿರ ಕಥೆ ನಿಮಗೆ ಗೊತ್ತಿರಬಹುದು. ಸೇನಾಡಳಿತ ಎಳೆದೊಯ್ದ ಮಕ್ಕಳನ್ನು ಕೇಳುತ್ತ 1977ರ ಏಪ್ರಿಲ್‌ನಲ್ಲಿ ಬ್ಯೂನಸ್ ಐರಿಸ್‌ನ ಮೇಯೋ ಚೌಕದಲ್ಲಿ ಸೇರಿದ ಹೆಂಗಸರನ್ನು ಅಲ್ಲಿಯ ಆಡಳಿತಗಾರರೂ ಹುಚ್ಚಿಯರು ಎಂದೇ ಕರೆದರು. ಅವರ ಪೈಕಿ ಅಜ್ಜಿಯರು ವಿಜ್ಞಾನಿಗಳ ಬಾಗಿಲು ತಟ್ಟಿ, ಮಗ ಸೊಸೆ ಇಲ್ಲದಿದ್ದರೂ ಸೇನಾಡಳಿತ ಕಸಿದು ಬೇರೆಯವರ ಮನೆಗೆ ಸೇರಿಸಿದ್ದ ಮೊಮ್ಮಕ್ಕಳನ್ನು ತಮ್ಮ ರಕ್ತದಿಂದಲೇ ಗುರುತಿಸುವ ವಿಧಾನ ಹುಡುಕಿಸಿದರು. 1987ರಲ್ಲಿ ಅಲ್ಲಿ ಸರ್ಕಾರಿ ವಂಶವಾಹಿ ಬ್ಯಾಂಕ್ ಆಯಿತು. ಇದುವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಪತ್ತೆಯಾಗಿದೆ. ನಮ್ಮಲ್ಲಿ ಕಾಣೆಯಾದವರ ಪಟ್ಟಿಯೂ ಗುರುತು ಸಿಗದ ಹೆಣಗಳ ಪಟ್ಟಿಯೂ ಸೇರಿದ್ದ ಡಿಎನ್‌ಎ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿ, 2023ರಲ್ಲಿ ವಾಪಸ್ ಪಡೆದರು. ಅದರಲ್ಲಿ ಖಾಸಗಿತನದ ತೊಡಕುಗಳಿದ್ದವು, ನಿಜ. ತೊಡಕು ಬಿಡಿಸಿ ಮತ್ತೆ ತರಬಹುದಿತ್ತಲ್ಲ?

ಮಕ್ಕಳು ಕಾಣೆಯಾದರೆ ಕಡ್ಡಾಯವಾಗಿ ಪ್ರಕರಣ ದಾಖಲಿಸಿ, ಅಪಹರಣವೆಂದೇ ಭಾವಿಸಿ ತನಿಖೆ ಮಾಡಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡವರಿಗೆ ಆ ಭಾಗ್ಯವಿಲ್ಲ. ದೊಡ್ಡವರಲ್ಲಿಯೂ ಮೇಲು ಕೀಳು ಇದೆ. ಚಿಕ್ಕಮಗಳೂರಿನ ಗಿರಿಗಳಲ್ಲಿ ಚಾರಣಕ್ಕೆ ಬಂದ ನಗರದ ಹುಡುಗನೊಬ್ಬ ದಾರಿ ತಪ್ಪಿದರೆ ಡ್ರೋನ್ ಹಾರುತ್ತದೆ, ಶ್ವಾನದಳ ಬರುತ್ತದೆ, ಸುದ್ದಿವಾಹಿನಿಯವರು ಮಂಜಿನಲ್ಲಿ ನಿಂತು ಕೂಗುತ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಅದೇ ಗಿರಿಯ ಬುಡದ ಕಾಫಿ ತೋಟದ ಲೈನ್ ಮನೆಯಿಂದ ಅಸ್ಸಾಮಿನ ಕೂಲಿಯೊಬ್ಬ ಕಾಣೆಯಾದರೆ? ‘ಊರಿಗೆ ಹೋಗಿರಬೇಕು’ ಎಂಬ ಒಂದೇ ವಾಕ್ಯದಲ್ಲಿ ತನಿಖೆ ಮುಗಿಯುತ್ತದೆ. ಅವನ ಹೆಂಡತಿಗೆ ಕನ್ನಡ ಬಾರದು, ಬರೆದುಕೊಳ್ಳುವವರಿಗೆ ಅವಳ ಮಾತು ಬಾರದು. ಅವಳು ಹೇಳುವ ಊರಿನ ಹೆಸರನ್ನು ಸರಿಯಾಗಿ ಬರೆದುಕೊಂಡರೂ ದೊಡ್ಡ ಮಾತು.

ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರದ ನೌಕರನೊಬ್ಬ ಕಾಣೆಯಾದರೆ, ಪೊಲೀಸ್ ದೂರು ದಾಖಲಾಗಿ ಆರು ತಿಂಗಳಾದ ಮೇಲೆ ಮನೆಯವರಿಗೆ ಕುಟುಂಬ ಪಿಂಚಣಿ ಸಿಗುವ ದಾರಿ ಇದೆ. ಅವನು ಸತ್ತನೆಂದು ಯಾರೂ ಬರೆದುಕೊಡಬೇಕಾಗಿಲ್ಲ. ಬಂದರೆ ಹಣದ ಹೊಣೆ ನಮ್ಮದು ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಆಯಿತು. ಅಂದರೆ, ಕಾಯುವವರನ್ನು ಕಾಯಲು ಬಿಟ್ಟು ಹೊಟ್ಟೆಗೂ ದಾರಿ ಮಾಡುವುದು ಸರ್ಕಾರಕ್ಕೆ ಗೊತ್ತಿದೆ. ಆ ಸೌಲಭ್ಯ ಗುಮಾಸ್ತನ ಮನೆಗೆ ಇದ್ದರೆ ನಾಲ್ಕು ಎಕರೆ ತೋಟದ ರೈತನ ಮನೆಗೆ ಏಕಿಲ್ಲ ಎಂದು ನಮ್ಮ ಶಾಸಕರನ್ನು ಕೇಳಿ. ನಿಮ್ಮ ಸಿಟ್ಟು ಹೋಗಬೇಕಾದ ವಿಳಾಸ ಅದು, ಅದನ್ನು ನೀವು ತಾಯಿಯ ಹೆಸರಿಗೆ ಬರೆದಿದ್ದೀರಿ. ಅಲ್ಲಿಯವರೆಗೆ ಖಾತೆ ಬೇಕೇ ಬೇಕೆಂದರೆ ಹಾಸನದ ಸಿವಿಲ್ ವಕೀಲರೊಬ್ಬರನ್ನು ಕಂಡು ಅಣ್ಣನವರು ಮೃತರೆಂಬ ಘೋಷಣೆ ಕೋರಿ ದಾವೆ ಹೂಡಿ. ನ್ಯಾಯಾಲಯ ಕಾಗದದ ಮಟ್ಟಿಗೆ ಏನು ಹೇಳಬೇಕೋ ಹೇಳಲಿ. ಅದಕ್ಕಾಗಿ ತಾಯಿಯ ಕೈಯಲ್ಲಿ ಪಿಂಡ ಇಡಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಇನ್ನೊಂದು. ನಾಲ್ಕು ಪುಟದಲ್ಲಿ ನಿಮ್ಮ ಅತ್ತಿಗೆಯವರ ಬಾಯಿಂದ ಒಂದು ಮಾತೂ ಇಲ್ಲ. ಅವರು ಕಾಯುತ್ತಾರೋ, 1955ರ ಹಿಂದೂ ವಿವಾಹ ಕಾಯ್ದೆ ಕೊಟ್ಟಿರುವ ಏಳು ವರ್ಷದ ಹಕ್ಕು ಬಳಸಿ ಬಿಡುಗಡೆ ಪಡೆಯುತ್ತಾರೋ, ಅದು ಅವರ ತೀರ್ಮಾನ. ಅತ್ತೆ ಕಾಯುವುದಕ್ಕೂ ಸೊಸೆ ಹೊರಡುವುದಕ್ಕೂ ಜಗಳವಿಲ್ಲ, ಒಂದೇ ಮನೆಯಲ್ಲಿ ಎರಡೂ ನಡೆಯಬಹುದು. ಯಾರಾದರೂ ಅವರನ್ನು ಕೇಳಿದ್ದೀರಾ?

ಮುಂದಿನ ಸಂಚಿಕೆಯಲ್ಲಿ ನಿಮ್ಮ ಅಣ್ಣನವರ ಪ್ರಕಟಣೆಯನ್ನು ಉಚಿತವಾಗಿ ಹಾಕುತ್ತೇನೆ. ಜಾಹೀರಾತು ವಿಭಾಗದವರು ಮುಖ ಸಿಂಡರಿಸುತ್ತಾರೆ, ನೋಡಿಕೊಳ್ಳೋಣ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ ಚಿತ್ರ ಬೇಡ, ಮೂಲ ಫೋಟೋವನ್ನು ಲಕೋಟೆಯಲ್ಲಿಟ್ಟು ಕಳಿಸಿ. ಚಹರೆಯನ್ನು ಮಾತ್ರ ನೀವು ಬರೆಯಬೇಡಿ, ತಾಯಿಯವರ ಮುಂದೆ ಕುಳಿತು ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ: ನಡೆಯುವಾಗ ಯಾವ ಭುಜ ತಗ್ಗುತ್ತಿತ್ತು, ಯಾವ ಪದದಲ್ಲಿ ತೊದಲುತ್ತಿದ್ದರು, ಯಾವ ಊಟವನ್ನು ದೂರ ತಳ್ಳುತ್ತಿದ್ದರು. ನಿಮಗೆ ಬಿಟ್ಟರೆ ಗೋಧಿ ಮೈಬಣ್ಣ ಎಂದು ಬರೆದು ಕೈತೊಳೆದುಕೊಳ್ಳುತ್ತೀರಿ.

— ಸಂಪಾದಕ